‘ಏಕೆಂದರೆ’ ಇಲ್ಲದ ಕಾರಣಗಳು

‘ಕೆರೆಯ ಏರಿ ಒಡೆದು ಹತ್ತಾರು ಎಕರೆ ಗದ್ದೆ ಮುಳುಗಿತು.’

ಐದನೇ ತರಗತಿಯ ಕಪ್ಪುಹಲಗೆಯ ಮೇಲೆ ಈ ಒಂದೇ ವಾಕ್ಯ ಬರೆದು, ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಕೇಳಿದೆ. ಸುಲಭದ ಪ್ರಶ್ನೆ, ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ಬಹಳ ಗಂಭೀರವಾಗಿ, ‘ಇದರಲ್ಲಿ ಕಾರಣವೇ ಇಲ್ಲ ಮಿಸ್’ ಎಂದ. ಅದು ಹೇಗೋ ಎಂದರೆ, ‘ಏಕೆಂದರೆ ಎಂದು ಎಲ್ಲೂ ಬರೆದಿಲ್ಲವಲ್ಲ!’

ತಪ್ಪು ಅವನದಲ್ಲ. ‘ಏಕೆಂದರೆ’, ‘ಆದ್ದರಿಂದ’, ‘ಹಾಗಾಗಿ’ ಎಂಬ ಪದಗಳು ಕಂಡಲ್ಲೆಲ್ಲ ಅಡಿಗೆರೆ ಎಳೆಯಿರಿ, ಕಾರಣ ಅಲ್ಲೇ ಇರುತ್ತದೆ ಎಂದು ಹಿಂದಿನ ವಾರ ಹೇಳಿಕೊಟ್ಟವಳು ನಾನೇ. ಯಾವುದೋ ಇಂಗ್ಲಿಷ್ ಕೈಪಿಡಿಯಿಂದ ಎತ್ತಿಕೊಂಡ ಉಪಾಯ ಅದು. ಇಂಗ್ಲಿಷಿನಲ್ಲಿ ಅದು ಒಂದಷ್ಟು ದೂರ ನಡೆದೀತು. ಕನ್ನಡದ ಪರಿಸರ ಅಧ್ಯಯನದ ಪುಸ್ತಕವನ್ನೋ ದಿನಪತ್ರಿಕೆಯನ್ನೋ ಮುಂದಿಟ್ಟುಕೊಂಡರೆ ಮೊದಲ ಪುಟದಲ್ಲೇ ಮುಗ್ಗರಿಸುತ್ತದೆ. ಕನ್ನಡದ ವಾಕ್ಯ ಕಾರಣವನ್ನು ಹೀಗೆ ಹಣೆಪಟ್ಟಿ ಕಟ್ಟಿ ನಿಲ್ಲಿಸುವುದು ಕಡಿಮೆ. ಒಂದು ಕ್ರಿಯಾಪದದ ಬಾಲದಲ್ಲೋ ಒಂದು ವಿಭಕ್ತಿ ಪ್ರತ್ಯಯದಲ್ಲೋ ಅದನ್ನು ಸದ್ದಿಲ್ಲದೆ ಸೇರಿಸಿಬಿಡುತ್ತದೆ.

ಅದೇ ಹುಡುಗನನ್ನು ಆಟದ ಬಯಲಿನಲ್ಲಿ ಹಿಡಿದು ಗದ್ದೆ ಏಕೆ ಮುಳುಗಿತು ಎಂದು ಕೇಳಿದ್ದರೆ, ‘ಏರಿ ಒಡೆಯಿತಲ್ಲ’ ಎಂದು ತಿರುಗಿಯೂ ನೋಡದೆ ಓಡುತ್ತಿದ್ದ. ಕಾರಣ, ಪರಿಣಾಮಗಳು ಮಕ್ಕಳಿಗೆ ಹೊಸ ವಿಷಯವೇನಲ್ಲ. ಮನೆಯಲ್ಲಿ ತಿನ್ನುವ ಬೈಗುಳದ ಅರ್ಧಭಾಗ ಅದೇ. ಮಳೆಯಲ್ಲಿ ನೆನೆದೆ, ಈಗ ನೋಡು ಮೂಗು ಸೋರುತ್ತಿದೆ. (ನೆಗಡಿ ಬರುವುದು ವೈರಸ್ಸಿನಿಂದ ಎಂದು ವೈದ್ಯರು ಹೇಳುತ್ತಾರೆ. ಅಮ್ಮಂದಿರು ಒಪ್ಪಬೇಕಲ್ಲ.) ಬದುಕಿನಲ್ಲಿ ಗೊತ್ತಿರುವುದು ಪುಟದ ಮೇಲೆ ಬಂದಾಗ ಗುರುತು ಸಿಗದೆ ಹೋಗುತ್ತದೆ, ತೊಡಕು ಇರುವುದು ಇಷ್ಟೇ. ಕಥೆಯಲ್ಲಾದರೆ ಆಸೆ, ಸಿಟ್ಟು, ಹೊಟ್ಟೆಕಿಚ್ಚು ಕಥೆಯನ್ನು ಮುಂದಕ್ಕೆ ತಳ್ಳುತ್ತವೆ, ಮಗು ಅದನ್ನು ತನ್ನ ಎದೆಯಿಂದಲೇ ಊಹಿಸಬಲ್ಲದು. ಮಾಹಿತಿ ಬರಹದಲ್ಲಿ ತಳ್ಳುವುದು ಗಾಳಿ, ನೀರು, ಸೊಳ್ಳೆ, ಸರಪಳಿ. ಅಲ್ಲಿ ಊಹೆಗೆ ಓದೇ ಆಸರೆ.

ಮೊದಲು ಆ ಎರಡು ಪದಗಳ ಬಗ್ಗೆಯೇ ಸ್ವಲ್ಪ ಹೇಳಬೇಕು. ‘ಕಾರಣ’ ಎಂಬ ಪದ ಮಗುವಿನ ಕಿವಿಗೆ ಎಲ್ಲಿ ಬಿದ್ದಿರುತ್ತದೆ? ಹೋಂವರ್ಕ್ ಏಕೆ ಮಾಡಿಲ್ಲ, ಸುಮ್ಮನೆ ಕಾರಣ ಹೇಳಬೇಡ ಎನ್ನುವಾಗ. ಅಂದರೆ ಕಾರಣ ಎಂದರೆ ನೆಪ. ‘ಪರಿಣಾಮ’ ಎಲ್ಲಿ ಬಿದ್ದಿರುತ್ತದೆ? ಪರಿಣಾಮ ನೆಟ್ಟಗಿರುವುದಿಲ್ಲ ಎನ್ನುವಾಗ. ಅಂದರೆ ಪರಿಣಾಮ ಎಂದರೆ ಏಟು. ಒಳ್ಳೆಯ ಮಳೆಯಾಗಿ ಕೆರೆ ತುಂಬಿದ್ದನ್ನು ‘ಪರಿಣಾಮ’ ಎಂದು ಕರೆಯಲು ನನ್ನ ತರಗತಿಯ ಒಬ್ಬಳು ಕೊನೆಗೂ ಒಪ್ಪಲಿಲ್ಲ. ಕೆರೆ ತುಂಬುವುದು ಒಳ್ಳೆಯದಲ್ಲವೇ ಎನ್ನುವುದು ಅವಳ ವಾದ. ಹಾಗಾಗಿ ಈಗ ಮೊದಲ ಕೆಲವು ದಿನ ಆ ಪದಗಳನ್ನು ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ. ‘ಏನಾಯಿತು?’, ‘ಏಕಾಯಿತು?’ ಎಂಬ ಎರಡು ಪ್ರಶ್ನೆಗಳು ಸಾಕು. ಅದೇ ಕ್ರಮದಲ್ಲಿ ಕೇಳಬೇಕು. ಏನಾಯಿತು ಎಂಬುದು ಗಟ್ಟಿಯಾಗದೆ ಏಕೆ ಎಂದು ಕೇಳಿದರೆ ಮಕ್ಕಳು ಗಾಳಿಯಲ್ಲಿ ಗುಂಡು ಹೊಡೆಯುತ್ತಾರೆ.

ಇನ್ನು ಕ್ರಿಯಾಪದದ ಬಾಲ. ಹಲಗೆಯ ಮೇಲೆ ಮೂರು ವಾಕ್ಯ ಬರೆಯುತ್ತೇನೆ. ‘ಅಜ್ಜ ಊಟ ಮಾಡಿ ಮಲಗಿದ.’ ‘ಅಜ್ಜ ಕೋಲು ಹಿಡಿದು ನಡೆದ.’ ‘ಅಜ್ಜ ಕಾಲು ಜಾರಿ ಬಿದ್ದ.’ ಮಾಡಿ, ಹಿಡಿದು, ಜಾರಿ ಮೂರೂ ನೋಡಲು ಒಂದೇ ಜಾತಿ. ಮುಂದೆ ಪೂರ್ಣ ಕ್ರಿಯಾಪದವೊಂದು ಬರಲಿ ಎಂದು ಕಾಯುವ ಅರೆಕ್ರಿಯೆಗಳು. ಆದರೆ ಮೊದಲನೆಯದು ಹೇಳುವುದು ಒಂದರ ನಂತರ ಒಂದು ನಡೆಯಿತು ಎಂದು ಮಾತ್ರ. ಎರಡನೆಯದು ಹೇಗೆ ನಡೆದ ಎಂದು. ಮೂರನೆಯದರಲ್ಲಿ ಮಾತ್ರ ಕಾರಣವಿದೆ. ಇದನ್ನು ಹತ್ತು ವರ್ಷದ ಮಗುವಿಗೆ ವ್ಯಾಕರಣ ಹೇಳಿ ತಿಳಿಸಲು ಹೊರಟರೆ ಕೆಟ್ಟಂತೆ. ಬದಲಿಗೆ ಆ ಬಾಲವನ್ನು ಹಿಡಿದು ಎಳೆಯಲು ಹೇಳುತ್ತೇನೆ: ‘ಮಾಡಿ’ಯನ್ನು ‘ಮಾಡಿದ್ದರಿಂದ’ ಎಂದು ಉದ್ದ ಮಾಡಿ ಓದಿ. ‘ಅಜ್ಜ ಕೋಲು ಹಿಡಿದಿದ್ದರಿಂದ ನಡೆದ’ ಎಂದಾಗ ನಗು ಶುರುವಾಗುತ್ತದೆ. ‘ಕಾಲು ಜಾರಿದ್ದರಿಂದ ಬಿದ್ದ’ ಎಂದಾಗ ಯಾರೂ ನಗುವುದಿಲ್ಲ. ನಗು ಬರದ ಕಡೆ ಕಾರಣವಿದೆ. ಊಟದ ವಾಕ್ಯದಲ್ಲಿ ಮಾತ್ರ ಒಬ್ಬಿಬ್ಬರು ತಕರಾರು ತೆಗೆಯುತ್ತಾರೆ, ಹೊಟ್ಟೆ ತುಂಬಿದ್ದರಿಂದಲೇ ನಿದ್ದೆ ಬಂತು ಎಂದು. ಮಧ್ಯಾಹ್ನದ ಬಿಸಿಯೂಟದ ನಂತರದ ಪೀರಿಯಡ್ ತೆಗೆದುಕೊಂಡವರು ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾರರು.

ಈ ಒಂದು ಎಳೆತ ಕಲಿತ ಮೇಲೆ ‘ಏರಿ ಒಡೆದು’ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಅಡಗುತಾಣ ‘ಇಂದ’. ಉ, ಅನ್ನು, ಇಂದ, ಗೆ, ದೆಸೆಯಿಂದ ಎಂದು ಮಕ್ಕಳು ರಾಗವಾಗಿ ಒಪ್ಪಿಸುವ ಆ ಪಟ್ಟಿಯಲ್ಲಿ ಪಂಚಮಿಯ ‘ದೆಸೆಯಿಂದ’ ಎಂದರೆ ಏನೆಂದು ಯಾರಾದರೂ ಕೇಳಿದ್ದುಂಟೇ? ಕಳ್ಳರ ದೆಸೆಯಿಂದ ಭಯ ಎಂಬಂಥ ಕಾರಣದ ಅರ್ಥವೂ ಅದಕ್ಕೆ ಉಂಟು. ಇಂದಿನ ಬರಹದಲ್ಲಿ ದೆಸೆ ಉದುರಿ ಬರಿಯ ‘ಇಂದ’ ಉಳಿದಿದೆ, ಎಲ್ಲ ಭಾರವೂ ಅದರ ತಲೆಯ ಮೇಲೆ. ಮೈಸೂರಿನಿಂದ ಬಂದ, ಬೆಳಿಗ್ಗೆಯಿಂದ ಕಾದ, ಕುಡುಗೋಲಿನಿಂದ ಕೊಯ್ದ, ಮಳೆಯಿಂದ ಬೆಳೆ ಕೊಳೆಯಿತು. ಜಾಗ, ಹೊತ್ತು, ಸಾಧನ, ಕಾರಣ ಎಲ್ಲಕ್ಕೂ ಅದೊಂದೇ. ಇಲ್ಲಿಯ ಉಪಾಯ ‘ಇಂದ’ದ ಬದಲು ‘ಇಂದಾಗಿ’ ಎಂದು ಓದಿ ನೋಡುವುದು. ‘ಮಳೆಯಿಂದಾಗಿ ಬೆಳೆ ಕೊಳೆಯಿತು’ ಸರಿಹೋಗುತ್ತದೆ. ‘ಬೆಳಿಗ್ಗೆಯಿಂದಾಗಿ ಕಾದ’ ಎಂದರೆ ಮತ್ತೆ ನಗು.

ವಿಚಿತ್ರವೆಂದರೆ, ‘ಏಕೆಂದರೆ’ ಇದ್ದ ಮಾತ್ರಕ್ಕೆ ಎಲ್ಲವೂ ಸರಾಗ ಎನ್ನುವಂತೆಯೂ ಇಲ್ಲ. ಕನ್ನಡದ ಸಹಜ ನಡೆಯಲ್ಲಿ ಕಾರಣ ಮೊದಲು ಬರುತ್ತದೆ, ಪರಿಣಾಮ ಕೊನೆಗೆ: ಕೈ ಜಾರಿದ್ದರಿಂದ ಲೋಟ ಒಡೆಯಿತು. ‘ಏಕೆಂದರೆ’ ಈ ಮೆರವಣಿಗೆಯನ್ನು ಹಿಂದುಮುಂದು ಮಾಡುತ್ತದೆ: ಲೋಟ ಒಡೆಯಿತು, ಏಕೆಂದರೆ ಕೈ ಜಾರಿತು. ಮೊದಲು ಬಂದದ್ದೇ ಕಾರಣ ಎಂದು ನಂಬಿದ ಮಗು ಲೋಟ ಒಡೆದದ್ದನ್ನು ಕೋಷ್ಟಕದ ‘ಕಾರಣ’ ಎಂಬ ಕಂಬದಲ್ಲಿ ಬರೆಯುತ್ತದೆ. ಇದು ನಮ್ಮ ಮಕ್ಕಳ ಪಾಡು ಮಾತ್ರ ಎಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ ಜಿನೀವಾದ ಮಕ್ಕಳಿಗೆ ಅರ್ಧ ವಾಕ್ಯ ಕೊಟ್ಟು ಪೂರ್ತಿ ಮಾಡಲು ಹೇಳುತ್ತಿದ್ದರು. ‘ಆ ಮನುಷ್ಯ ಸೈಕಲ್ಲಿನಿಂದ ಬಿದ್ದ, ಏಕೆಂದರೆ...’ ಎಂದರೆ ಚಿಕ್ಕ ಮಕ್ಕಳು ಕೆಲವರು ‘ಅವನ ಕೈ ಮುರಿಯಿತು’ ಎಂದು ಮುಗಿಸುತ್ತಿದ್ದರು. ಎರಡು ಸಂಗತಿಗಳಿಗೆ ನಂಟಿದೆ ಎಂದು ಆ ಮಗುವಿಗೆ ಗೊತ್ತು, ನಂಟು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಆ ಪದ ಅದಕ್ಕಿನ್ನೂ ಹೇಳುತ್ತಿಲ್ಲ. ಆದ್ದರಿಂದ ಬಾಣ ಬೇಕು. ಎರಡು ಕಂಬದ ಕೋಷ್ಟಕಕ್ಕಿಂತ ಹಲಗೆಯ ಮೇಲಿನ ಒಂದು ಬಾಣ ಹೆಚ್ಚು ಕೆಲಸ ಮಾಡುತ್ತದೆ ಎನ್ನುವುದು ನನ್ನ ಅನುಭವ. ಬಾಣಕ್ಕೆ ದಿಕ್ಕಿದೆ, ಕೋಷ್ಟಕಕ್ಕೆ ಇಲ್ಲ.

ಬಾಣದ ಅಭ್ಯಾಸಕ್ಕೆ ನಾನು ಹೆಚ್ಚಾಗಿ ಬಳಸುವುದು ತುಂಗಭದ್ರಾ ಅಣೆಕಟ್ಟಿನ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ನಡೆದದ್ದನ್ನು ಮಕ್ಕಳ ಓದಿಗೆ ತಕ್ಕಂತೆ ಹೀಗೆ ಬರೆದುಕೊಂಡಿದ್ದೇನೆ: ‘ಜಲಾಶಯ ತುಂಬಿತ್ತು. ಚೈನ್ ಲಿಂಕ್ ತುಂಡಾಗಿ 19ನೇ ಕ್ರೆಸ್ಟ್ ಗೇಟ್ (ಅಣೆಕಟ್ಟಿನ ಮೇಲ್ತುದಿಯ ಬಾಗಿಲು) ನೀರಿನಲ್ಲಿ ಕೊಚ್ಚಿಹೋಯಿತು. ನೀರು ಭೋರ್ಗರೆದು ನದಿಗೆ ನುಗ್ಗಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಲಾಯಿತು. ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಯಿತು. ಕೂಡಿಟ್ಟ ನೀರು ಖಾಲಿಯಾಗುವುದನ್ನು ಕಂಡು ರೈತರು ಚಿಂತೆಗೀಡಾದರು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಅಡ್ಡತಡೆ) ಇಳಿಸಿ ಗಂಡಿಯನ್ನು ಮುಚ್ಚಲಾಯಿತು.’

ಇಷ್ಟುದ್ದದ ಬರಹದಲ್ಲಿ ‘ಏಕೆಂದರೆ’ ಒಂದೂ ಇಲ್ಲ, ‘ಆದ್ದರಿಂದ’ ಒಂದೂ ಇಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಸುದ್ದಿಯ ಕನ್ನಡ ಇರುವುದೇ ಹಾಗೆ. ಬಾಲ ಎಳೆಯುವ ಆಟ ಕಲಿತ ಮಕ್ಕಳು ‘ತುಂಡಾಗಿ’ ಮೇಲೆ ಮೊದಲು ಬೀಳುತ್ತಾರೆ. ಚೈನ್ ತುಂಡಾಯಿತು, ಬಾಣ, ಗೇಟ್ ಕೊಚ್ಚಿಹೋಯಿತು. ಮುಂದಿನದು ಕಷ್ಟ. ‘ನೀರು ನದಿಗೆ ನುಗ್ಗಿತು’ ಎನ್ನುವುದಕ್ಕೆ ಹಿಂದಿನ ವಾಕ್ಯದೊಂದಿಗೆ ಕೊಂಡಿಯಾಗಿ ಒಂದು ಅಕ್ಷರವೂ ಇಲ್ಲ, ನಡುವೆ ಇರುವುದು ಪೂರ್ಣವಿರಾಮ ಮಾತ್ರ. ಪೂರ್ಣವಿರಾಮದ ಆಚೆಗೂ ಬಾಣ ಎಳೆಯಬಹುದೇ ಎಂದು ಮಕ್ಕಳು ಅನುಮತಿ ಕೇಳುತ್ತಾರೆ! ಎಳೆಯಬಹುದು ಎಂದು ಗೊತ್ತಾದ ದಿನ ಅವರ ಓದು ಬದಲಾಗುತ್ತದೆ. ಗೇಟ್ ಕೊಚ್ಚಿಹೋದದ್ದು ಈಗ ಪರಿಣಾಮವೂ ಹೌದು, ನೀರು ನುಗ್ಗಿದ್ದಕ್ಕೆ ಕಾರಣವೂ ಹೌದು. ಮಗನೂ ಅವನೇ ಅಪ್ಪನೂ ಅವನೇ ಆದಂತೆ ಎಂದರೆ ತಕ್ಷಣ ತಿಳಿಯುತ್ತದೆ, ಎಲ್ಲರ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರಲ್ಲ.

ಆಮೇಲೆ ಆ ನಾಲ್ಕನೆಯ ವಾಕ್ಯ. ಉಳಿದ ಗೇಟುಗಳನ್ನು ಏಕೆ ತೆರೆದರು? ‘ಒತ್ತಡ ತಗ್ಗಿಸಲು.’ ಸರಿಯಾದ ಉತ್ತರವೇ. ಆದರೆ ಇದು ಚೈನ್ ತುಂಡಾದ ಹಾಗಿನ ಕಾರಣವಲ್ಲ, ಉದ್ದೇಶ. ಒತ್ತಡ ತಗ್ಗುವುದು ಗೇಟು ತೆರೆದ ನಂತರ. ಬಾಣ ಎಳೆಯಲು ಹೋದ ಮಗುವಿಗೆ ಕೈ ತಡೆಯುತ್ತದೆ: ಮುಂದೆ ಆಗಬೇಕಾದದ್ದು ಹಿಂದೆ ಆದದ್ದಕ್ಕೆ ಕಾರಣ ಹೇಗಾದೀತು? ಎಂಜಿನಿಯರುಗಳ ತಲೆಯಲ್ಲಿ ಆ ಯೋಚನೆ ಮೊದಲೇ ಇತ್ತು ಎಂದು ಬಿಡಿಸಿ ಹೇಳಬೇಕು. ಮನುಷ್ಯರಿಗೆ ಉದ್ದೇಶವಿರುತ್ತದೆ, ಚೈನಿಗೆ ಇರುವುದಿಲ್ಲ. ದೊಡ್ಡವರಿಗೆ ಇದು ತೀರಾ ಸಾಮಾನ್ಯ ಮಾತು. ಮಕ್ಕಳಿಗೆ ಹಾಗಲ್ಲ. ಬಂಡೆಗಳು ಚೂಪಾಗಿರುವುದೇಕೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಡೆಬೊರಾ ಕೆಲೆಮನ್ ಮಕ್ಕಳನ್ನು ಕೇಳಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಣ್ಣಸಣ್ಣ ಚೂರುಗಳು ಕಾಲಕ್ರಮದಲ್ಲಿ ಒಟ್ಟುಗೂಡಿ ಹಾಗಾಯಿತು ಎಂಬ ವಿವರಣೆಗಿಂತ, ಪ್ರಾಣಿಗಳು ಮೈ ತುರಿಸಿಕೊಳ್ಳಲಿ ಎಂದು ಹಾಗಿವೆ ಎಂಬಂಥ ವಿವರಣೆಯೇ ಚಿಕ್ಕ ಮಕ್ಕಳಿಗೆ ಹಿಡಿಸಿತು. ನಮ್ಮಲ್ಲೂ ಮಳೆ ಬರುವುದು ರೈತರಿಗಾಗಿ, ಮರವಿರುವುದು ನೆರಳು ಕೊಡಲು. ಪಠ್ಯಗಳು ಕೂಡ ಈ ತಪ್ಪಿಗೆ ಕುಮ್ಮಕ್ಕು ಕೊಡುತ್ತವೆ. ‘ಮರುಭೂಮಿಯಲ್ಲಿ ಬದುಕಲು ಕಳ್ಳಿಯು ಎಲೆಗಳನ್ನು ಮುಳ್ಳಾಗಿಸಿಕೊಂಡಿದೆ’ ಎಂದು ಓದಿದ ಮಗು, ಕಳ್ಳಿ ಒಂದು ದಿನ ಕೂತು ಯೋಚಿಸಿತು ಎಂದುಕೊಂಡರೆ ಯಾರನ್ನು ದೂರುವುದು? ‘ಲು’ ಮತ್ತು ‘ಗಾಗಿ’ ಕಂಡಾಗ ನಾನು ಕೇಳುವುದು ಒಂದೇ: ಹೀಗೆ ಬಯಸಿದವರು ಯಾರು? ಹೆಸರು ಹೇಳಲು ಬಂದರೆ ಉದ್ದೇಶ. ಬರದಿದ್ದರೆ ಇನ್ನೊಮ್ಮೆ ಕಾರಣ ಹುಡುಕಬೇಕು.

ಪಠ್ಯಪುಸ್ತಕಗಳ ಇನ್ನೊಂದು ಚಾಳಿ ಕೊಂಡಿಗಳನ್ನು ನುಂಗುವುದು. ‘ಪಶ್ಚಿಮ ಘಟ್ಟಗಳಿಂದಾಗಿ ಆಗುಂಬೆಯಲ್ಲಿ ಹೆಚ್ಚು ಮಳೆಯಾಗುತ್ತದೆ, ಚಿತ್ರದುರ್ಗ ಮಳೆನೆರಳಿನ ಪ್ರದೇಶವಾಗಿದೆ’ ಎಂಬಂಥ ಒಂದು ವಾಕ್ಯದಲ್ಲಿ ಎಷ್ಟು ಸಂಗತಿಗಳು ಅಡಗಿವೆ ನೋಡಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೂ ಚಿತ್ರದುರ್ಗದ ಒಣ ಸೀಮೆಗೂ ನಡುವೆ ಇರುವ ವ್ಯತ್ಯಾಸವನ್ನು ‘ಇಂದಾಗಿ’ ಎಂಬ ಒಂದು ಪದಕ್ಕೆ ಹೊರಿಸಿದರೆ, ಬೆಟ್ಟ ಮಳೆಯನ್ನು ಹೇಗೋ ತಯಾರಿಸುತ್ತದೆ ಎಂದೇ ಮಗು ತಿಳಿಯುತ್ತದೆ. ನಾನು ಇದನ್ನು ಐದು ಚೀಟಿಗಳಾಗಿ ಒಡೆದು ಐದು ಮಕ್ಕಳ ಕೈಗೆ ಕೊಡುತ್ತೇನೆ. ಅರಬ್ಬಿ ಸಮುದ್ರದಿಂದ ನೀರಾವಿ ತುಂಬಿದ ಗಾಳಿ ಬಂತು. ಘಟ್ಟಕ್ಕೆ ಬಡಿದು ಮೇಲೇರಿತು. ಮೇಲೇರಿ ತಣ್ಣಗಾಯಿತು. ನೀರಾವಿ ಹನಿಗಟ್ಟಿ ಮಳೆ ಸುರಿಯಿತು. ಆಚೆ ಬದಿಗೆ ಇಳಿಯುವ ಹೊತ್ತಿಗೆ ಗಾಳಿಯಲ್ಲಿ ಹೆಚ್ಚು ತೇವ ಉಳಿದಿರಲಿಲ್ಲ. ಐವರೂ ಸಾಲಾಗಿ ನಿಂತ ಮೇಲೆ ಮೂರನೆಯವಳನ್ನು ಕೂರಿಸಿ, ಈಗಲೂ ಮಳೆ ಬರುತ್ತದೆಯೇ ಎಂದು ಕೇಳುತ್ತೇನೆ. ಬರುತ್ತದೆ ಎನ್ನುವವರೇ ಹೆಚ್ಚು. ಆಗ ಅನ್ನದ ಪಾತ್ರೆಯ ಮುಚ್ಚಳ ನೆನಪಿಸಬೇಕು. ಕುದಿಯುವ ನೀರಿನ ಆವಿ ಮುಚ್ಚಳಕ್ಕೆ ತಾಗಿದಾಗ ಹನಿಯಾಗುತ್ತದೆ, ಮುಚ್ಚಳ ತೆಗೆದಿಟ್ಟರೆ ಆ ಆವಿ ಗಾಳಿಯಲ್ಲಿ ಚದುರಿಹೋಗುತ್ತದೆ. ಆವಿ ಹನಿಯಾಗಬೇಕಾದರೆ ತಣ್ಣಗಾಗಬೇಕು. ಕೂತಿದ್ದವಳು ತಾನೇ ಎದ್ದು ಬಂದು ತನ್ನ ಜಾಗದಲ್ಲಿ ನಿಂತಳು, ಕಳೆದ ಸಲ.

ಇಲ್ಲಿಗೆ ಓದುವ ಕೆಲಸ ಬಹುಪಾಲು ಮುಗಿಯಿತು. ಉಳಿದದ್ದು ಸಂಶಯಪಡುವ ಕೆಲಸ. ಬರೆದವರು ಕಾರಣ ಎಂದದ್ದೆಲ್ಲ ಕಾರಣವೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಗೊತ್ತಿರುವ ಭಾಷೆಯಲ್ಲಿ ಇದನ್ನು ಕಲಿಸಲು ಹೊರಗಿನ ಸಾಮಗ್ರಿ ಬೇಕಿಲ್ಲ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಸಿಟ್ಟಾಗಿ ಕೋಳಿಯನ್ನು ಎತ್ತಿಕೊಂಡು ಅವಳು ಊರು ಬಿಟ್ಟಳು, ಬೆಳಕು ಹರಿಯಿತು. ಆ ಅಜ್ಜಿಯನ್ನು ನೋಡಿ ನಾವು ನಗುತ್ತೇವೆ, ಆದರೆ ಅರಿವಿಲ್ಲದೆ ಅವಳು ಮಾಡಿದ್ದು ಸರಿಯಾದ ಪರೀಕ್ಷೆಯನ್ನೇ. ಕಾರಣ ಎಂದುಕೊಂಡದ್ದನ್ನು ತೆಗೆದು ನೋಡು; ಪರಿಣಾಮ ಆಗಲೂ ಉಳಿದರೆ ಅದು ಕಾರಣವಲ್ಲ. ನನ್ನ ತರಗತಿಯಲ್ಲಿ ಈ ಪರೀಕ್ಷೆಗೆ ‘ಅಜ್ಜಿಯ ಕೋಳಿ’ ಎಂದೇ ಹೆಸರು.

ಈ ಪರೀಕ್ಷೆಗೆ ಅತ್ಯುತ್ತಮ ಮೇವು ಮಲೇರಿಯಾ. ಆ ಹೆಸರಿನ ಮೂಲ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂಬ ಅರ್ಥ. ಜೌಗು ಇರುವ ಕಡೆ ದುರ್ವಾಸನೆ ಇತ್ತು, ದುರ್ವಾಸನೆ ಇರುವ ಕಡೆ ಜ್ವರ ಇತ್ತು. ವಾಸನೆಯೇ ಜ್ವರ ತರುತ್ತದೆ ಎಂದು ಜನ ನಂಬಿದರು. ನಂಬಿಕೆ ಮೂರ್ಖತನದ್ದೇನಲ್ಲ, ಎರಡೂ ನಿಜವಾಗಿಯೂ ಒಟ್ಟಿಗೇ ಇದ್ದವು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಆಮೇಲೆ ಚಿತ್ರ ತಿಳಿಯಾಗುತ್ತಾ ಹೋಯಿತು: ನಿಂತ ನೀರಿನಿಂದ ಒಂದು ಬಾಣ ವಾಸನೆಯ ಕಡೆಗೆ, ಇನ್ನೊಂದು ಬಾಣ ಸೊಳ್ಳೆಯ ಕಡೆಗೆ, ಸೊಳ್ಳೆಯಿಂದ ಜ್ವರದ ಕಡೆಗೆ. ವಾಸನೆಯಿಂದ ಜ್ವರಕ್ಕೆ ಬಾಣವೇ ಇಲ್ಲ. ಮಕ್ಕಳು ಆ ಇಲ್ಲದ ಬಾಣವನ್ನು ಕೆಂಪು ಸೀಮೆಸುಣ್ಣದಲ್ಲಿ ಎಳೆದು, ಅದರ ಮೇಲೆ ಅಡ್ಡಗೆರೆ ಹಾಕಲು ಪೈಪೋಟಿ ಮಾಡುತ್ತಾರೆ.

ಪರೀಕ್ಷೆಯ ‘ಕಾರಣ ಕೊಡಿ’ ಎಂಬ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೈಡಿನ ಸಾಲು ಬಾಯಿಪಾಠ ಮಾಡಿದವರಿಗೆ ಪೂರ್ಣ ಅಂಕ ಸಿಗುತ್ತದೆ. ಬೇಕಾದರೆ ಕಾರಣ ಕೊಟ್ಟು ಪರಿಣಾಮ ಕೇಳಿ, ಅಥವಾ ಎಂದೂ ಓದದ ಸುದ್ದಿಯೊಂದನ್ನು ಕೊಟ್ಟು ಬಾಣ ಎಳೆಯಲು ಹೇಳಿ. ಅರ್ಧ ತರಗತಿ ಆಗ ತಲೆ ಎತ್ತುತ್ತದೆ, ಮೊದಲ ರ‍್ಯಾಂಕಿನವರು ಕೆಲವರು ತಡವರಿಸುತ್ತಾರೆ.

ತುಂಗಭದ್ರೆಯ ಬಾಣಗಳನ್ನು ಹಲಗೆಯ ಮೇಲೆ ಎಳೆದು ಮುಗಿಸಿದ ದಿನ, ಕಾರಣವೇ ಇಲ್ಲ ಎಂದಿದ್ದ ಹಿಂದಿನ ಸಾಲಿನ ಹುಡುಗ ಮುಂದೆ ಬಂದು, ‘ಚೈನ್ ತುಂಡಾಯಿತು’ ಎಂಬುದರ ಎಡಗಡೆ ಇನ್ನೊಂದು ಬಾಣ ಎಳೆದ. ಅದರ ಆಚೆ ಬರೆಯಲು ಏನೂ ಇರಲಿಲ್ಲ, ನನ್ನ ಬರಹದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಅಣೆಕಟ್ಟು ಎಷ್ಟು ಹಳೆಯದು ಮಿಸ್ ಎಂದು ಇನ್ನೊಬ್ಬಳು ಕೇಳಿದಳು. 1953ರಿಂದ ಇದೆ ಎಂದೆ. ಅವನು ಬೆರಳು ಮಡಿಸಿ ಲೆಕ್ಕ ಹಾಕಿ, ಪ್ರಶ್ನಾರ್ಥಕ ಚಿಹ್ನೆಯ ಪಕ್ಕ ‘71 ವರ್ಷ’ ಎಂದು ಬರೆದು, ಅದರ ಹಿಂದೆ ಮತ್ತೊಂದು ಬಾಣ ಎಳೆಯಲು ಹೋದ. ಹಲಗೆ ಮುಗಿದು ಸೀಮೆಸುಣ್ಣ ಗೋಡೆಯ ಮೇಲೆ ಹೋಗುತ್ತಿತ್ತು, ಕೈ ಹಿಡಿದು ನಿಲ್ಲಿಸಿದೆ.